ಕೇಲ್ ಮಕಾರ್ ಎರಡು ವರ್ಷ ಕಾಲೇಜಿನಲ್ಲಿ ಏಕೆ ಉಳಿದ?

ಉತ್ತರ ಅಮೆರಿಕದ ಅಗ್ರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ 2017ರ ಡ್ರಾಫ್ಟ್‌ನಲ್ಲಿ ನಾಲ್ಕನೆಯವನಾಗಿ ಆಯ್ಕೆಯಾದ ಹುಡುಗ ಮಕಾರ್ ನೇರವಾಗಿ ಆ ಲೀಗ್‌ಗೆ ಹೋಗದೆ ಕಾಲೇಜು ತಂಡದಲ್ಲಿ ಎರಡು ವರ್ಷ ಕಳೆದದ್ದು ವ್ಯರ್ಥವಲ್ಲವೇ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಅದೇ ಅವನನ್ನು ಮಾಡಿದ್ದು.

ಮಕಾರ್ ಡಿಫೆನ್ಸ್‌ಮನ್, ಅಂದರೆ ರಕ್ಷಣೆಯ ಆಟಗಾರ. ಆ ಕೆಲಸ ದಾಳಿ ಮಾಡುವ ಫಾರ್ವರ್ಡ್ ಕೆಲಸದಂತಲ್ಲ. ಫಾರ್ವರ್ಡ್ ತಪ್ಪಿದರೆ ಹಿಂದೆ ಯಾರಾದರೂ ಇರುತ್ತಾರೆ. ಡಿಫೆನ್ಸ್‌ಮನ್ ತಪ್ಪಿದರೆ ಉಳಿಯುವವನು ಗೋಲ್‌ಕೀಪರ್ ಒಬ್ಬನೇ. ಹಾಗಾಗಿ ಈ ಜಾಗದವರು ಮಾಗುವುದು ನಿಧಾನ. ಕೆನಡಾದ ಕ್ಯಾಲ್ಗರಿಯ ಈ ಹುಡುಗ ಡ್ರಾಫ್ಟ್‌ಗೆ ಮುಂಚೆ ಆಡುತ್ತಿದ್ದದ್ದು ಆಲ್ಬರ್ಟಾದ ಬ್ರೂಕ್ಸ್ ಬ್ಯಾಂಡಿಟ್ಸ್ ತಂಡದಲ್ಲಿ. ಆ ತಂಡ ಆಡುತ್ತಿದ್ದದ್ದು ಕೆನಡಾದ ಯುವ ಆಟಗಾರರ ಅಗ್ರ ಮಟ್ಟವಾದ ಮೇಜರ್ ಜೂನಿಯರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗ್‌ನಲ್ಲಿ, ಮರೆಯಬೇಡಿ.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ 34 ಪಂದ್ಯಗಳಲ್ಲಿ 21 ಅಂಕ (ಹೊಡೆದ ಗೋಲಿಗೂ ಗೋಲಿಗೆ ಕೊಟ್ಟ ನೆರವಿಗೂ ತಲಾ ಒಂದು), ಎರಡನೇ ವರ್ಷ 41 ಪಂದ್ಯಗಳಲ್ಲಿ 49. ಕಾಲೇಜು ಹಾಕಿಯ ಅತ್ಯುನ್ನತ ಗೌರವವಾದ ಹೋಬಿ ಬೇಕರ್ ಪ್ರಶಸ್ತಿಯೂ ಬಂತು.

ಆಮೇಲಿನದು ಕಥೆಯಂತಿದೆ. 2019ರ ಏಪ್ರಿಲ್ 13ರಂದು ಕಾಲೇಜು ಫೈನಲ್‌ನಲ್ಲಿ ಸೋಲು. ಎರಡೇ ದಿನಗಳ ನಂತರ ಎನ್‌ಎಚ್‌ಎಲ್ ತಂಡ ಕೊಲರಾಡೊ ಅವಲಾಂಚ್ ಪರ ಪ್ಲೇಆಫ್ ಪಂದ್ಯದಲ್ಲಿ ಪದಾರ್ಪಣೆ, ಎದುರಾಳಿ ಸ್ವಂತ ಊರಿನ ಫ್ಲೇಮ್ಸ್, ಮೊದಲ ಹೊಡೆತಕ್ಕೇ ಗೋಲು! ಮರು ಋತುವಿನಲ್ಲಿ 57 ಪಂದ್ಯಗಳಿಂದ 50 ಅಂಕ, ಶ್ರೇಷ್ಠ ಹೊಸಬನಿಗೆ ಸಿಗುವ ಕಾಲ್ಡರ್ ಟ್ರೋಫಿ.

ಅಂಕಗಳನ್ನು ಬದಿಗಿಟ್ಟು, ಎದುರಾಳಿಯ ವಲಯ ಶುರುವಾಗುವ ನೀಲಿ ಗೆರೆಯ ಮೇಲೆ ಅವನು ಅಡ್ಡಡ್ಡವಾಗಿ ಜಾರುವುದನ್ನು ನೋಡಿ. ಭುಜ ಒಂದು ಕಡೆ ಹೇಳುತ್ತದೆ, ಸ್ಕೇಟ್ ಇನ್ನೊಂದು ಕಡೆ ಹೋಗುತ್ತದೆ. ಎದುರಾಳಿ ಭುಜವನ್ನು ನಂಬಿ ಕೆಡುತ್ತಾನೆ.