‘ಗೋ’ಗೆ ‘ವೆಂಟ್’ ಎಲ್ಲಿಂದ ಬಂತು?

‘ಗೋ’ಗೆ ಭೂತಕಾಲ ‘ವೆಂಟ್’ ಯಾಕೆ, ‘ಗೋಡ್’ ಅಂದರೆ ಯಾಕೆ ತಪ್ಪು ಅಂತ ಮಗಳು ಕೇಳಿದ್ದಾಳೆ, ಏನು ಹೇಳಲಿ ಅಂತ ಬರೆದಿದ್ದೀರಿ. ಬಹಳ ಒಳ್ಳೆಯ ಪ್ರಶ್ನೆ. ಶಾಲೆಯಲ್ಲಿ ‘ಗೋ, ವೆಂಟ್, ಗಾನ್’ ಅಂತ ಬಾಯಿಪಾಠ ಮಾಡಿಸುತ್ತಾರೆ, ಕಾರಣ ಹೇಳುವುದು ಕಡಿಮೆ.

‘ವೆಂಟ್’ ಮೊದಲು ‘ಗೋ’ಗೆ ಸೇರಿದ್ದೇ ಅಲ್ಲ. ಅದು ‘ವೆಂಡ್’ ಅನ್ನುವ ಬೇರೊಂದು ಕ್ರಿಯಾಪದದ ಭೂತಕಾಲ. (ಮಾರುವುದು ಅನ್ನುವ ಅರ್ಥದ ‘ವೆಂಡ್’ ಬೇರೆ, ಅದು ಲ್ಯಾಟಿನ್ ಕಡೆಯದು.) ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ವೆಂಡನ್’. ತಿರುಗು, ತಿರುಗಿಸು ಅಂತ ಅರ್ಥ. ಒಂದು ಕಡೆಗೆ ತಿರುಗಿ ಹೊರಡುವುದು ಬರ್ತಾ ಬರ್ತಾ ಸುಮ್ನೆ ‘ಹೋಗು’ ಅಂತಲೇ ಆಯಿತು. ಸೆಂಡ್–ಸೆಂಟ್, ಬೆಂಡ್–ಬೆಂಟ್ ಇದ್ದ ಹಾಗೆಯೇ ವೆಂಡ್–ವೆಂಟ್.

ಹಾಗಾದರೆ ಮೊದಲು ‘ಗೋ’ಗೆ ಏನಿತ್ತು? ಇಲ್ಲೇ ನನಗೆ ಜಾಸ್ತಿ ಖುಷಿ ಕೊಡುವ ವಿಷಯ ಇರುವುದು. ಹಳೆಯ ಇಂಗ್ಲಿಷಿನಲ್ಲಿ ‘ಗಾನ್’ (ಈಗಿನ ‘ಗೋ’ದ ಹಳೆಯ ರೂಪ) ಅಂದರೆ ಹೋಗು, ‘ಏಒಡೆ’ ಅಂದರೆ ಹೋದ. ಈ ‘ಏಒಡೆ’ ಕೂಡ ಬೇರೆ ಧಾತುವಿನದೇ! ಅಂದರೆ ಬರಹದಲ್ಲಿ ಸಿಗುವ ಕಾಲದಿಂದಲೂ ಇಂಗ್ಲಿಷಿನ ಈ ಕ್ರಿಯಾಪದಕ್ಕೆ ಸ್ವಂತ ಭೂತಕಾಲ ಇರಲೇ ಇಲ್ಲ. ‘ಏಒಡೆ’ ಸವೆದು ‘ಯೇಡ್’, ‘ಯೋಡ್’ ಅಂತೆಲ್ಲ ಆಯಿತು. ಸುಮಾರು 1500ರ ಹೊತ್ತಿಗೆ ಆ ಜಾಗದಲ್ಲಿ ‘ವೆಂಟ್’ ಗಟ್ಟಿಯಾಗಿ ಕೂತಿತ್ತು. ‘ವೆಂಡ್’ ಆಮೇಲೆ ತನಗಾಗಿ ‘ವೆಂಡೆಡ್’ ಅನ್ನುವ ಹೊಸ ರೂಪ ಮಾಡಿಕೊಂಡಿತು.

ಇದು ಇಂಗ್ಲಿಷಿಗೊಂದೇ ಇರುವ ವಿಚಿತ್ರ ಅಲ್ಲ. ಹಿಂದಿಯಲ್ಲಿ ‘ಜಾನಾ’, ಆದರೆ ಹೋದದ್ದು ‘ಗಯಾ’. ಒಂದು ಸಂಸ್ಕೃತದ ‘ಯಾ’ ಧಾತುವಿನಿಂದ, ಇನ್ನೊಂದು ‘ಗಮ್’ನಿಂದ. ನಮ್ಮ ‘ಹೋಗು–ಹೋದ’ ಒಂದೇ ಬೇರಿನದು. ಆದರೆ ಅರ್ಥದಲ್ಲಿ ‘ಗೋ’ ನಮಗೆ ತೀರಾ ಹತ್ತಿರ: ಹಾಲು ಕೆಟ್ಟರೆ ಅವರು ‘ಗಾನ್ ಬ್ಯಾಡ್’ ಅಂತಾರೆ, ನಾವು ‘ಕೆಟ್ಟು ಹೋಯ್ತು’ ಅಂತೀವಿ, ಅಲ್ವಾ?

ಇನ್ನು ‘ಗೋಡ್’. ಇಂಗ್ಲಿಷ್ ಮನೆಮಾತಿನ ಮಕ್ಕಳೂ ಮಾತು ಕಲಿಯುವಾಗ ಹಾಗೇ ಹೇಳುತ್ತಾರೆ. ಸ್ಕಾಟ್ಲೆಂಡಿನ ಸ್ಕಾಟ್ಸ್ ಮಾತಿನಲ್ಲಿ ‘ಗೇಡ್’ ಅನ್ನುವುದೇ ಸರಿಯಾದ ರೂಪ. ಅಪರೂಪದ ಕ್ರಿಯಾಪದಗಳು ಬೇಗ ನಿಯಮಕ್ಕೆ ಬಗ್ಗುತ್ತವೆ. ‘ವೆಂಟ್’ ಅನ್ನು ಮಕ್ಕಳು ದಿನಾ ಕೇಳುತ್ತಾ ಬೆಳೆಯುತ್ತಾರೆ, ಅದಕ್ಕೇ ಅದು ಉಳಿದಿದೆ. ನಿಮ್ಮ ಮಗಳು ನಿಯಮ ಸರಿಯಾಗಿಯೇ ಹಿಡಿದಿದ್ದಾಳೆ, ಅದನ್ನು ಮೊದಲು ಹೇಳಿ. ಆಮೇಲೆ ಸೆಂಡ್, ಬೆಂಡ್ ಜೊತೆ ವೆಂಡ್ ಸೇರಿಸಿ ಹೇಳಿಕೊಡಿ.