ತೂತು ದೊಡ್ಡದಿದ್ರೂ ಉಪ್ಪು ಯಾಕೆ ನಿಲ್ಲುತ್ತೆ?

ಪ್ರಶ್ನೆ: ಸರ್, ನೀರು ಶುದ್ಧ ಮಾಡೋ ನ್ಯಾನೋಫಿಲ್ಟ್ರೇಷನ್ ಪೊರೆಯ ತೂತು ಉಪ್ಪಿನ ಅಯಾನುಗಳಿಗಿಂತ (ನೀರಲ್ಲಿ ಕರಗಿ ಬೇರೆಯಾದ ಪ್ಲಸ್ ಚಾರ್ಜಿನ ಸೋಡಿಯಂ, ಮೈನಸ್ ಚಾರ್ಜಿನ ಕ್ಲೋರೈಡ್) ದೊಡ್ಡದು ಅಂತ ಓದಿದೆ. ಹಾಗಿದ್ರೆ ಉಪ್ಪು ನಿಲ್ಲೋದು ಹೇಗೆ? ಮಗಳು ಪಿಎಚ್‌ಡಿಗೆ ಇದನ್ನೇ ಕಂಪ್ಯೂಟರಲ್ಲಿ ಮಾಡೆಲ್ ಮಾಡ್ತಿದ್ದಾಳೆ, ಕೇಳಿದ್ರೆ "ಗೋಡೆಯ ಚಾರ್ಜ್ ಅಪ್ಪಾ" ಅಂತಾಳೆ, ಅಷ್ಟೇ.
– ಒಬ್ಬ ಓದುಗರು, ತುಮಕೂರು

ಉತ್ತರ: ಮಗಳು ಹೇಳಿದ್ದು ಸರಿಯಾಗೇ ಇದೆ, ಸ್ವಲ್ಪ ಬಿಡಿಸಿ ಹೇಳ್ತೀನಿ. ಫಿಲ್ಟರ್ ಅಂದ ತಕ್ಷಣ ನಮಗೆ ಹಿಟ್ಟಿನ ಜರಡಿ ನೆನಪಾಗುತ್ತೆ, ಆದ್ರೆ ಇಲ್ಲಿ ತೂತು ಹೆಚ್ಚುಕಮ್ಮಿ 1 ನ್ಯಾನೋಮೀಟರ್, ನೀರು ಸುತ್ಕೊಂಡಿರೋ ಸೋಡಿಯಂ ಸುಮಾರು 0.7, ಅಂದ್ರೆ ನುಸುಳೋಕೆ ಜಾಗ ಇದೆ. ತಡೆಯೋದು ತೂತಿನ ಗೋಡೆ. ಪೊರೆ ಮಾಡಿರೋ ಪಾಲಿಅಮೈಡ್ ಅನ್ನೋ ಪ್ಲಾಸ್ಟಿಕ್‌ನಲ್ಲಿರೋ ಕಾರ್ಬಾಕ್ಸಿಲ್ ಅನ್ನೋ ಪರಮಾಣು ಗುಂಪುಗಳು ಸಾಮಾನ್ಯ ನೀರಲ್ಲಿ ಹೈಡ್ರೋಜನ್ ಬಿಟ್ಕೊಟ್ಟು ಮೈನಸ್ ಆಗ್ತವೆ, ಕ್ಲೋರೈಡೂ ಮೈನಸ್ಸೇ, ಹಾಗಾಗಿ ಅದನ್ನ ಹೊರಗೇ ತಳ್ತವೆ. ಸೋಡಿಯಮ್ಮನ್ನ ಗೋಡೆ ಎಳ್ಕೊಳ್ಳುತ್ತೆ ನಿಜ, ಆದ್ರೆ ಜೋಡಿ ಬಿಟ್ಟು ಅದೊಂದೇ ಆಚೆ ದಾಟಿದ್ರೆ ಆ ಕಡೆ ಪ್ಲಸ್ ಚಾರ್ಜ್ ಸೇರಿ ಅದನ್ನ ವಾಪಸ್ ಎಳೆಯುತ್ತೆ. ಕ್ಲೋರೈಡ್ ನಿಂತ್ರೆ ಸೋಡಿಯಮ್ಮೂ ನಿಂತ ಹಾಗೆ. ನೀರಿನ ಅಣುವಿಗೆ ಒಟ್ಟಾರೆ ಚಾರ್ಜ್ ಇಲ್ಲ, ಒತ್ತಡ ಕೊಟ್ರೆ ಹೋಗುತ್ತೆ.

ಇದನ್ನ 1911ರಲ್ಲಿ ಫ್ರೆಡರಿಕ್ ಡಾನನ್ ಅನ್ನೋ ರಸಾಯನ ವಿಜ್ಞಾನಿ ಲೆಕ್ಕಕ್ಕೆ ತಂದರು, ನೀವೂ ಪೆನ್ನು ಹಿಡಿದು ನೋಡಬಹುದು. ಗೋಡೆಯ ಚಾರ್ಜ್ ಲೀಟರಿಗೆ 100 ಮಿಲಿಮೋಲ್ (ಅಯಾನುಗಳ ಸಂಖ್ಯೆ ಎಣಿಸೋ ಅಳತೆ) ಅಂತಿಟ್ಕೊಳ್ಳಿ, ಹೊರಗೆ ಉಪ್ಪು 10. ನಿಯಮ ಎರಡೇ: ತೂತಿನ ಒಳಗಿನ ಪ್ಲಸ್ಸು ಮೈನಸ್ಸು, ಗೋಡೆಯ ಮೈನಸ್ಸೂ ಸೇರಿಸಿ, ಸರಿದೂಗಬೇಕು, ಒಳಗಿನ ಸೋಡಿಯಂ-ಕ್ಲೋರೈಡ್ ಗುಣಲಬ್ಧ ಹೊರಗಿನದಕ್ಕೆ ಸಮ ಇರಬೇಕು. ಹೊರಗೆ 10×10, ಅಂದ್ರೆ 100. ಒಳಗೆ ಸೋಡಿಯಂ 101, ಕ್ಲೋರೈಡ್ ಬರೀ 1! ಈಗ ಹೊರಗೆ ಉಪ್ಪನ್ನ 100 ಮಾಡಿ, ಒಳಗೆ ಸೋಡಿಯಂ 162, ಕ್ಲೋರೈಡ್ 62. ಹತ್ತರಲ್ಲಿ ಒಂದು ಪಾಲು ನುಗ್ತಿದ್ದದ್ದು ಈಗ ಆರು ಪಾಲು ನುಗ್ತಿದೆ, ಪೊರೆ ಅದೇ, ತೂತೂ ಅದೇ. ನನಗಂತೂ ಈ ಲೆಕ್ಕ ಮೊದಲ ಸಲ ಮಾಡಿದಾಗ್ಲೇ ಜರಡಿ ಅನ್ನೋ ಕಲ್ಪನೆ ತಲೆಯಿಂದ ಹೋಯ್ತು. ಉಪ್ಪು ಜಾಸ್ತಿಯಾದಷ್ಟೂ ಇಂಥ ಪೊರೆ ಸೋಲೋದು ಇದಕ್ಕೇ.

ಮಗಳ ಮಾಡೆಲ್ ಇದಕ್ಕಿಂತ ಮುಂದಕ್ಕೆ ಹೋಗುತ್ತೆ. ಅಯಾನನ್ನ ಸಾಂದ್ರತೆಯ ವ್ಯತ್ಯಾಸ ತಳ್ಳುತ್ತೆ, ವಿದ್ಯುತ್ ಕ್ಷೇತ್ರ ಎಳೆಯುತ್ತೆ, ಹರಿಯೋ ನೀರು ಜೊತೆಗೆ ಎಳ್ಕೊಂಡು ಹೋಗುತ್ತೆ, ಈ ಮೂರನ್ನೂ ನರ್ನ್‌ಸ್ಟ್-ಪ್ಲಾಂಕ್ ಸಮೀಕರಣದಲ್ಲಿ ಕೂಡಿಸ್ತಾರೆ. ಕಷ್ಟ ಏನಂದ್ರೆ 1 ನ್ಯಾನೋಮೀಟರ್ ಅಗಲದಲ್ಲಿ ನೀರಿನ ಅಣು ಮೂರೋ ನಾಲ್ಕೋ ಹಿಡಿಸುತ್ತೆ ಅಷ್ಟೆ, ಅಲ್ಲಿ ನೀರು ನಲ್ಲಿ ನೀರಿನ ಥರ ನಡ್ಕೊಳ್ಳಲ್ಲ, ಅದಕ್ಕೇ ಕೆಲವರು ಒಂದೊಂದೇ ಅಣುವನ್ನ ಕಂಪ್ಯೂಟರಲ್ಲಿ ಓಡಿಸಿ ನೋಡ್ತಾರೆ. ಮೇಲಿಂದ ಗೋಡೆಯ ಚಾರ್ಜೂ ಒಂದೇ ಸಮ ಇರಲ್ಲ, ನೀರು ಹುಳಿಯಾದ್ರೆ ಕಮ್ಮಿಯಾಗುತ್ತೆ, ನಮ್ಮ ಬೋರ್‌ವೆಲ್ ಗಡಸು ನೀರಿನ ಕ್ಯಾಲ್ಸಿಯಂ ಅಂಟ್ಕೊಂಡ್ರೂ ಕಮ್ಮಿಯಾಗುತ್ತೆ.

ಈ ಸಲ ಮಗಳು ಊರಿಗೆ ಬಂದಾಗ, ನಿನ್ನ ಮಾಡೆಲ್‌ನಲ್ಲಿ ಚಾರ್ಜ್ ಫಿಕ್ಸಾ ಇಲ್ಲಾ ನೀರಿನ ಪ್ರಕಾರ ಬದಲಾಗುತ್ತಾ ಅಂತ ಕೇಳಿ ನೋಡಿ, ಖಂಡಿತ ಕೂತು ಮಾತಾಡ್ತಾಳೆ.