ಟೆಕ್ಸಾಸ್‌ನಲ್ಲಿ ಒಂದು ವಿಷಯದಲ್ಲಿ ಫೇಲಾದರೂ ಶಾಲಾ ತಂಡದಿಂದ ಹೊರಗಿಡುತ್ತಾರಾ?

ಹೌದು, ಆದರೆ ಶಾಶ್ವತವಾಗಿ ಅಲ್ಲ. ಅಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ ಯಾವುದೇ ಒಂದು ವಿಷಯದಲ್ಲಿ ನೂರಕ್ಕೆ 70ಕ್ಕಿಂತ ಕಡಿಮೆ ಬಂದರೆ ಕನಿಷ್ಠ ಮೂರು ವಾರ ಪಂದ್ಯ ಆಡುವಂತಿಲ್ಲ. ಬ್ಯಾಂಡ್ ಸ್ಪರ್ಧೆಗೂ ಇದೇ ರೂಲು. 1984ರ ಈ ಕಾನೂನನ್ನು ಜನ ‘ನೋ ಪಾಸ್, ನೋ ಪ್ಲೇ’ ಅಂತ ಕರೆಯುತ್ತಾರೆ.

ಬಾಗಿಲು ಪೂರ್ತಿ ಮುಚ್ಚಿದರೆ ಹುಡುಗರು ಶಾಲೆಯನ್ನೇ ಬಿಟ್ಟಾರು, ಅಲ್ವಾ? ಅದಕ್ಕೇ ಮೊದಲಿದ್ದ ಆರು ವಾರವನ್ನು 1995ರಲ್ಲಿ ಮೂರಕ್ಕೆ ಇಳಿಸಿ, ಪ್ರಾಕ್ಟೀಸಿಗೂ ಬಿಟ್ಟರು. ಈಗ ಹುಡುಗ ದಿನವೂ ತಂಡದ ಜೊತೆ ಬೆವರು ಸುರಿಸಬಹುದು. ಶುಕ್ರವಾರ ರಾತ್ರಿಯ ಮ್ಯಾಚಿನಲ್ಲಿ ಮಾತ್ರ ಸುಮ್ನೆ ನೋಡುತ್ತಾ ಕೂರಬೇಕು. ಅದೇ ಜಾಸ್ತಿ ಚುಚ್ಚುವುದು! ಮೂರು ವಾರದ ಕೊನೆಗೆ ಎಲ್ಲ ವಿಷಯಗಳಲ್ಲೂ ಪಾಸಾಗಿದ್ದರೆ ಮತ್ತೆ ಆಡಬಹುದು. ಕಷ್ಟದ ಆನರ್ಸ್ ಕ್ಲಾಸುಗಳಿಗೆ ವಿನಾಯಿತಿ ಉಂಟು. ಕುಡಿತ, ಹೊಡೆದಾಟದಂಥ ನಡತೆಯ ವಿಷಯಕ್ಕೆ ಶಾಲೆಗಳದ್ದೇ ಬೇರೆ ನಿಯಮಗಳಿವೆ.